ತಿಮ್ಮರಸು ರಾಯನನ್ನು ಕ್ಷಮಿಸಿದನೇ?



ವಿಜಯನಗರದ ಪಾಠ ಮಾಡುವ ವಾರವೆಂದರೆ ನನಗೆ ಹಬ್ಬದ ವಾರ. ಹೊಸಪೇಟೆಯ ಮಕ್ಕಳಿಗೆ ಅದು ಬರಿಯ ಪುಸ್ತಕದ ಪಾಠವಲ್ಲ. ಮನೆಯಿಂದ ಶಾಲೆಗೆ ಬರುವ ದಾರಿಯ ಪಾಠ. ಒಂದು ವರ್ಷ ಕೃಷ್ಣದೇವರಾಯನ ಆಳ್ವಿಕೆಯನ್ನು ವಿವರಿಸಿ ಮುಗಿಸಿ, ಪಠ್ಯದಲ್ಲಿ ಇಲ್ಲದಿದ್ದರೂ ಮಹಾಮಂತ್ರಿ ತಿಮ್ಮರಸುವಿನ ಕಣ್ಣು ಕೀಳಿಸಿದ ಪ್ರಸಂಗವನ್ನೂ ಹೇಳಿ, ಪ್ರಶ್ನೆಗಳಿದ್ದರೆ ಕೇಳಿರೆಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಆಮೇಲೆ ತಿಮ್ಮರಸು ರಾಯನನ್ನು ಕ್ಷಮಿಸಿದನೇ?" ಎಂದು ಕೇಳಿದಳು. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದೆ. ತರಗತಿ ನಕ್ಕಿತು, ಆಕೆ ಕುಳಿತಳು. ಅಷ್ಟು ಒರಟಾಗಿ ಏಕೆ ಉತ್ತರಿಸಿದೆನೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಇತಿಹಾಸ ಕಲಿಸುವವನಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆಮೇಲೆ ಯಾರೂ ಕೇಳಲಿಲ್ಲ. ಈಗ ನಿವೃತ್ತನಾಗಿ ಕುಳಿತಿರುವಾಗ, ತಡವಾಗಿಯಾದರೂ ಆ ಉತ್ತರವನ್ನು ಬರೆಯಲು ಪ್ರಯತ್ನಿಸುತ್ತೇನೆ.

ಮೊದಲು ಪದಗಳನ್ನು ನೋಡೋಣ. 'ಕ್ಷಮಾ' ಎಂಬ ಸಂಸ್ಕೃತ ಪದಕ್ಕೆ ತಾಳ್ಮೆ ಎಂಬ ಅರ್ಥವಿದೆ; ಭೂಮಿಗೂ ಅದೇ ಹೆಸರು. ತುಳಿದವರನ್ನೂ ಅಗೆದವರನ್ನೂ ಅವಳು ಹೊರುತ್ತಾಳೆ. ಕನ್ನಡದಲ್ಲಿ ನಾವು 'ಮನ್ನಿಸು' ಎನ್ನುತ್ತೇವೆ. ಇದಕ್ಕೆ ಗೌರವಿಸು ಎಂಬ ಅರ್ಥವೂ ಉಂಟು. ಮನ್ನಣೆ ಎಂಬುದು ಇದೇ ಪದದ ಕುಟುಂಬದ್ದು. ತಪ್ಪು ಮಾಡಿದವನನ್ನು ಮನ್ನಿಸುವುದೆಂದರೆ ಅವನು ಕಳೆದುಕೊಂಡ ಮಾನವನ್ನು ಹಿಂದಿರುಗಿಸುವುದು. ನಮ್ಮ ಊರುಗಳಲ್ಲಿ ಓದು ಬಾರದ ಹಿರಿಯರು "ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ರಿ" ಎನ್ನುತ್ತಾರೆ. ತಪ್ಪು ಎಲ್ಲಿಯೋ ಮಾಯವಾಗುವುದಿಲ್ಲ. ಕ್ಷಮಿಸುವವರು ಅದನ್ನು ನುಂಗಿ ತಮ್ಮೊಳಗೆ ಇಟ್ಟುಕೊಳ್ಳುತ್ತಾರೆ. ತಾಳುವುದು, ಮಾನವನ್ನು ಹಿಂದಿರುಗಿಸುವುದು, ಒಳಗೆ ಇಟ್ಟುಕೊಳ್ಳುವುದು: ಈ ಮೂರನ್ನೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಸೀಮೆಯ ಎರಡು ಕಥೆಗಳನ್ನು ನೋಡೋಣ. ಎರಡರಲ್ಲಿಯೂ ಒಬ್ಬ ಅರಸ, ಒಬ್ಬ ನಿರಪರಾಧಿ ತರುಣ, ನಡುವೆ ಒಬ್ಬ ಮಂತ್ರಿ ಇದ್ದಾರೆ.

ಮೊದಲನೆಯದು ಕಂಪ್ಲಿಯದು. ವಿಜಯನಗರ ಹುಟ್ಟುವುದಕ್ಕೆ ಮುಂಚೆ, ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ, ತುಂಗಭದ್ರೆಯ ದಂಡೆಯ ಈ ಊರಿನ ಹೆಸರಿನಲ್ಲಿ ಒಂದು ರಾಜ್ಯವಿತ್ತು. ಮುಮ್ಮಡಿ ಸಿಂಗನ ಮಗ ಕಂಪಿಲರಾಯ ಅದರ ಅರಸ. ಗಂಗಾವತಿಯ ಬಳಿಯ ಕುಮ್ಮಟದುರ್ಗ ಮತ್ತು ಹೊಸಮಲೆದುರ್ಗ ಅವನ ಬಲವಾದ ಕೋಟೆಗಳು. ಇವುಗಳಲ್ಲಿ ಹೊಸಮಲೆದುರ್ಗವನ್ನು ಸಂಡೂರಿನ ಬೆಟ್ಟಸಾಲಿನಲ್ಲಿ ಗುರುತಿಸುವುದುಂಟು. ಹಂಪಿಯ ಹೇಮಕೂಟದ ಮೇಲೆ ಈ ಅರಸನು ತನ್ನ ತಂದೆತಾಯಿಯರ ನೆನಪಿಗಾಗಿ ಶಿವಾಲಯ ಕಟ್ಟಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ನನ್ನೊಂದಿಗೆ ಪ್ರವಾಸಕ್ಕೆ ಬಂದವರಿಗೆ ಆ ಮೂರು ಗರ್ಭಗುಡಿಗಳ ದೇವಾಲಯ ನೆನಪಿರಬಹುದು.

ಹೀಗೆ ತಂದೆತಾಯಿಯರನ್ನು ಸ್ಮರಿಸಿದ ಅರಸನು ತನ್ನ ಮಗನ ತಲೆ ಕಡಿಯಲು ಆಜ್ಞಾಪಿಸಿದನೆಂಬುದು ಕುಮಾರರಾಮನ ಕಥೆ. ನಂಜುಂಡ ಕವಿ, ಪಾಂಚಾಳಗಂಗ ಮೊದಲಾದವರು ಇದನ್ನು ಸಾಂಗತ್ಯದಲ್ಲಿ ಬರೆದರು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು 2014ರಲ್ಲಿ ತೀರಿಕೊಂಡರು; ಅವರು ಹಾಡುತ್ತಿದ್ದ ದೀರ್ಘ ಕಥನಗಳಲ್ಲಿ ಕುಮಾರರಾಮನದೂ ಒಂದು. ಕಥೆ ನಿಮಗೆ ಗೊತ್ತಿರುವುದೇ. ಚೆಂಡಾಟದಲ್ಲಿ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದ ರಾಮನನ್ನು ಅವಳು ಮೋಹಿಸುತ್ತಾಳೆ. ಪರನಾರೀಸಹೋದರನೆಂದು ಹೆಸರಾದ ರಾಮ ನಿರಾಕರಿಸುತ್ತಾನೆ. ಅವಳು ಅರಸನಲ್ಲಿ ಸುಳ್ಳು ದೂರು ಹೇಳುತ್ತಾಳೆ. ಕಂಪಿಲರಾಯ ವಿಚಾರಣೆಯನ್ನೇ ಮಾಡದೆ ಮಗನ ತಲೆ ತರುವಂತೆ ಮಂತ್ರಿ ಬೈಚಪ್ಪನಿಗೆ ಹೇಳುತ್ತಾನೆ.

ಬೈಚಪ್ಪ ಅರಸನೊಡನೆ ವಾದಿಸುತ್ತ ನಿಲ್ಲಲಿಲ್ಲ. ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಅರಸನಿಗೆ ಬೇರೊಂದು ತಲೆಯನ್ನು ತೋರಿಸಿದ. ಸ್ವಲ್ಪ ಕಾಲದಲ್ಲಿಯೇ ದೆಹಲಿಯ ಸೈನ್ಯ ಮೇಲೆ ಬಂದಿತು. ಮಗನಿಲ್ಲದ ಕೋಟೆಯಲ್ಲಿ ಕುಳಿತು ಅರಸನು ಗೋಳಾಡತೊಡಗಿದಾಗ ಮಂತ್ರಿ ನಿಜ ಹೇಳಿ ರಾಮನನ್ನು ಹೊರಗೆ ಕರೆತಂದ. ತನ್ನ ತಲೆಯನ್ನು ಕೇಳಿದ್ದ ತಂದೆಗಾಗಿ ಮಗ ಯುದ್ಧಕ್ಕೆ ಹೊರಟ.

ಈ ಕಥೆಯಲ್ಲಿ ಕ್ಷಮಿಸಿದವನು ರಾಮನೆಂದು ನಾವು ಹೇಳುತ್ತೇವೆ; ಸರಿಯೇ. ಆದರೆ ಆ ಕ್ಷಮೆಗೆ ಎಡೆ ಮಾಡಿಕೊಟ್ಟವನು ಬೈಚಪ್ಪ. ಅರಸನ ಕೋಪಕ್ಕೂ ಕಟುಕನ ಕತ್ತಿಗೂ ನಡುವೆ ಅವನು ಸ್ವಲ್ಪ ಕಾಲವನ್ನು ಇರಿಸಿದ. ಕ್ಷಮಿಸಲು ಮಗನ ಕೊರಳ ಮೇಲೆ ತಲೆ ಇತ್ತು. ಪಶ್ಚಾತ್ತಾಪಪಡುವ ತಂದೆಗೆ ಎದುರಿನಲ್ಲಿ ಮಗನಿದ್ದ. ತಲೆ ಹೋಗಿದ್ದರೆ ತಂದೆಯ ಕಣ್ಣೀರಿನಿಂದ ಏನೂ ಆಗುತ್ತಿರಲಿಲ್ಲ.

ಕಥೆಯಿಂದ ಚರಿತ್ರೆಗೆ ಬಂದರೆ ಇದೇ ಕಂಪಿಲರಾಯನ ಇನ್ನೊಂದು ಮುಖ ಕಾಣುತ್ತದೆ. ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪ್ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಸೋದರಸಂಬಂಧಿ. ದಂಗೆಯೆದ್ದು ಸೋತ ಅವನು ಕಂಪಿಲರಾಯನಲ್ಲಿ ಆಶ್ರಯ ಬೇಡಿದ. ದೆಹಲಿಯ ಸೈನ್ಯ ಬೆನ್ನಟ್ಟಿ ಬಂದರೂ ಕಂಪಿಲರಾಯ ಅವನನ್ನು ಒಪ್ಪಿಸಲಿಲ್ಲ. ತಡೆಯಲು ಸಾಧ್ಯವಿಲ್ಲವೆಂದು ಖಚಿತವಾದಾಗ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಬಳಿಗೆ ಕಳುಹಿಸಿ, ಅರಮನೆಯ ಹೆಂಗಸರು ಅಗ್ನಿಪ್ರವೇಶ ಮಾಡಿದ ಮೇಲೆ, ತಾನು ಹೋರಾಡಿ ಮಡಿದನೆಂದು ಇಬ್ನ್ ಬತೂತ ಬರೆದಿದ್ದಾನೆ. ಇದು 1327ರ ಸುಮಾರಿನ ಘಟನೆ. ಬಲ್ಲಾಳ ಆ ಅತಿಥಿಯನ್ನು ಸುಲ್ತಾನನಿಗೆ ಒಪ್ಪಿಸಿಬಿಟ್ಟ; ಸುಲ್ತಾನ ತನ್ನ ಬಂಧುವಿನ ಚರ್ಮ ಸುಲಿಸಿದ. ಬಂದ ಅಪರಿಚಿತನಿಗಾಗಿ ರಾಜ್ಯವನ್ನೇ ಕೊಟ್ಟ ಅರಸ, ಕಥೆಯಲ್ಲಿ ಸ್ವಂತ ಮಗನಿಗೆ ಒಂದು ದಿನದ ವಿಚಾರಣೆಯನ್ನೂ ಕೊಡಲಿಲ್ಲ. ಹೊರಗಿನವರ ವಿಷಯದಲ್ಲಿ ದೊಡ್ಡವರಾಗುವುದು ಸುಲಭ, ಒಳಗಿನವರ ವಿಷಯದಲ್ಲಿ ಕಷ್ಟವೆಂಬುದನ್ನು ಎರಡನೆಯ ಕಥೆಯಲ್ಲಿ ಮತ್ತೆ ನೋಡುತ್ತೇವೆ.

ಆ ಕಥೆಯನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್. ಕೃಷ್ಣದೇವರಾಯನ ತರುವಾಯ ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ, ಅವನು ವಿಜಯನಗರದಲ್ಲಿ ಕೇಳಿ ತಿಳಿದದ್ದನ್ನು ಬರೆದ. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ನಮಗೆ ದೊರೆಯಿತು. ಅವನ ಮಾತನ್ನು ಎಚ್ಚರಿಕೆಯಿಂದ ಓದಬೇಕು. ಅವನು ಪೇಟೆಯಲ್ಲಿ ಕೇಳಿದ ಸುದ್ದಿಗಳನ್ನೂ ಬರೆದಿದ್ದಾನೆ. ಆದರೂ ತಿಮ್ಮರಸುವಿನ ಪ್ರಸಂಗಕ್ಕೆ ನಮಗಿರುವ ಮುಖ್ಯ ಆಧಾರ ಅವನೇ.

ನೂನಿಜನ ಪ್ರಕಾರ, ಮರಣಶಯ್ಯೆಯಲ್ಲಿದ್ದ ಅರಸ ವೀರನರಸಿಂಹನು ಎಂಟು ವರ್ಷದ ತನ್ನ ಮಗನೇ ಪಟ್ಟಕ್ಕೆ ಬರಬೇಕೆಂದು ಬಯಸಿ, ತಮ್ಮ ಕೃಷ್ಣದೇವರಾಯನ ಕಣ್ಣು ಕೀಳಿಸಿ ತಂದು ತೋರಿಸಲು ಮಂತ್ರಿ ತಿಮ್ಮರಸುವಿಗೆ ಆಜ್ಞೆ ಮಾಡಿದ. ತಿಮ್ಮರಸು ಆ ತರುಣನನ್ನು ಕುದುರೆ ಲಾಯಕ್ಕೆ ಕರೆದೊಯ್ದು ವಿಷಯ ತಿಳಿಸಿದ. ತನಗೆ ರಾಜ್ಯ ಬೇಡ, ಜೋಗಿಯಾಗಿ ಹೋಗಿಬಿಡುತ್ತೇನೆಂದು ಕೃಷ್ಣದೇವರಾಯ ಹೇಳಿದ. ಮಂತ್ರಿ ಒಂದು ಮೇಕೆಯನ್ನು ತರಿಸಿ, ಅದರ ಕಣ್ಣುಗಳನ್ನು ಕೀಳಿಸಿ ಅರಸನಿಗೆ ತೋರಿಸಿದ. ಅರಸ ನಂಬಿ ಕಣ್ಣು ಮುಚ್ಚಿದ. 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. ಆ ಪಟ್ಟಾಭಿಷೇಕದ ನೆನಪಿನ ಶಾಸನ ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿದೆ.

ನೆಲಮಾಳಿಗೆಯ ಕಥೆಯೂ ಲಾಯದ ಕಥೆಯೂ ಎಷ್ಟು ಹತ್ತಿರದವೆಂಬುದನ್ನು ಗಮನಿಸಿರಿ. ಒಂದರಲ್ಲಿ ಬೇರೊಂದು ತಲೆ, ಇನ್ನೊಂದರಲ್ಲಿ ಮೇಕೆಯ ಕಣ್ಣು. ಎರಡೂ ಸುಳ್ಳು, ಆದರೆ ತಿದ್ದಲಾಗದ ಕೆಲಸವನ್ನು ತಡೆದ ಸುಳ್ಳು.

ಕೃಷ್ಣದೇವರಾಯನಿಗೆ ಕ್ಷಮೆ ತಿಳಿದಿರಲಿಲ್ಲವೆಂದು ಹೇಳಲಾಗದು. 1515ರಲ್ಲಿ ಕೊಂಡವೀಡು ಬಿದ್ದಾಗ ಒಡಿಶಾದ ಗಜಪತಿಯ ಮಗ ವೀರಭದ್ರ ಸೆರೆ ಸಿಕ್ಕಿದ. ಮರುವರ್ಷದ ಶಾಸನವೊಂದರಲ್ಲಿ ಅದೇ ವೀರಭದ್ರನು ರಾಯನ ಕೈಕೆಳಗೆ ಮಲೇಬೆನ್ನೂರು ಸೀಮೆಯನ್ನು ಆಳುತ್ತಿರುವುದನ್ನು ನೋಡುತ್ತೇವೆ. ತನ್ನ ಪ್ರಜೆಗಳಿಗೆ ಮದುವೆಯ ತೆರಿಗೆಯನ್ನು ಬಿಟ್ಟುಕೊಟ್ಟದ್ದು ಅದರ ವಿಷಯ. ನೂನಿಜನಾದರೋ ವೀರಭದ್ರ ಅವಮಾನ ತಾಳದೆ ಪ್ರಾಣ ಬಿಟ್ಟನೆಂದು ಬರೆಯುತ್ತಾನೆ. ಅವನನ್ನು ಎಚ್ಚರಿಕೆಯಿಂದ ಓದಬೇಕೆಂದದ್ದು ಇದಕ್ಕೇ. ಮುಂದೆ ಗಜಪತಿಯೊಡನೆ ಸಂಧಿಯಾದಾಗ ರಾಯನು ಕೃಷ್ಣಾ ನದಿಯ ಉತ್ತರದಲ್ಲಿ ತಾನು ಗೆದ್ದ ನಾಡನ್ನು ಹಿಂದಿರುಗಿಸಿ ಅವನ ಮಗಳನ್ನು ಮದುವೆಯಾದ. ಸೋತ ವೈರಿಯನ್ನು ಮನ್ನಿಸುವುದು ರಾಜನೀತಿ; ಅದರಲ್ಲಿ ಗೆದ್ದವನಿಗೆ ಲಾಭವೂ ಇದೆ, ಕೀರ್ತಿಯೂ ಇದೆ. ತನ್ನ ಮಗನಿಗೆ ವಿಷ ಹಾಕಿದರೆಂದು ತಾನು ನಂಬಿದ ಆಪ್ತರ ವಿಷಯದಲ್ಲಿ ಆ ನೀತಿ ಕೆಲಸಕ್ಕೆ ಬರಲಿಲ್ಲ.

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿ ಇದೆ. ನಿಮ್ಮಲ್ಲಿ ಎಷ್ಟೋ ಜನ ಅದರ ಪಕ್ಕದಲ್ಲಿಯೇ ಸೈಕಲ್ ತುಳಿದಿದ್ದೀರಿ. 1524ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ಈ ದೇವಾಲಯದ ಸುತ್ತಣ ಊರಿಗೆ ಸಾಲೆ ತಿರುಮಲೆ ಮಹಾರಾಯಪುರವೆಂಬ ಹೆಸರಿತ್ತು. ತಿರುಮಲ ಎಂಬುದು ಅವನ ಎಳೆಯ ಮಗನ ಹೆಸರು. ರಾಯನು ಈ ಮಗನಿಗೆ ತಾನು ಬದುಕಿರುವಾಗಲೇ ಪಟ್ಟ ಕಟ್ಟಿ, ತಾನೇ ಮಂತ್ರಿಯ ಸ್ಥಾನದಲ್ಲಿ ಕುಳಿತನೆಂದು ನೂನಿಜ್ ಹೇಳುತ್ತಾನೆ. ಹುಡುಗನಿಗೆ ಆಗ ಆರು ವರ್ಷವಂತೆ. ಎಂಟು ತಿಂಗಳು ಉತ್ಸವಗಳು ನಡೆದವು. ಅಷ್ಟರಲ್ಲಿ ಹುಡುಗ ಕಾಯಿಲೆ ಬಿದ್ದು ತೀರಿಹೋದ. ತಿಮ್ಮರಸುವಿನ ಮಗ ವಿಷ ಹಾಕಿಸಿದನೆಂದು ಯಾರೋ ರಾಯನ ಕಿವಿಯಲ್ಲಿ ಹೇಳಿದರು. ರಾಯ ನಂಬಿದ.

ಮುಂದಿನ ಪ್ರಸಂಗ ನನಗೆ ಇಂದಿಗೂ ಓದುವಾಗ ಕಷ್ಟವೆನಿಸುತ್ತದೆ. ರಾಯನು 'ಅಪ್ಪಾಜಿ' ಎಂದು ಕರೆಯುತ್ತಿದ್ದನೆಂದು ಹೇಳಲಾಗುವ ಆ ವೃದ್ಧನನ್ನು ಮಕ್ಕಳ ಸಮೇತ ಸಭೆಗೆ ಕರೆಸಿದ. ವಿಷದ ಆರೋಪವನ್ನಷ್ಟೇ ಹೊರಿಸಿ ಸುಮ್ಮನಾಗಲಿಲ್ಲ. ಅಂದು ನನ್ನ ಅಣ್ಣ ನಿನ್ನ ಅರಸನಾಗಿದ್ದ. ನನ್ನ ಕಣ್ಣು ಕೀಳಲು ಆಜ್ಞೆಯಿತ್ತ. ನೀನು ಅದನ್ನು ಪಾಲಿಸದೆ ಮೇಕೆಯ ಕಣ್ಣು ತೋರಿಸಿ ಅವನನ್ನು ವಂಚಿಸಿದೆ. ಆದ್ದರಿಂದ ನೀನು ಅಂದೇ ದ್ರೋಹಿ, ನನಗೆ ನಿನ್ನ ಋಣವೇನೂ ಇಲ್ಲ ಎಂಬ ಅರ್ಥದ ಮಾತುಗಳನ್ನು ನೂನಿಜ್ ರಾಯನ ಬಾಯಲ್ಲಿ ಇರಿಸಿದ್ದಾನೆ.

ತನ್ನ ಕಣ್ಣುಳಿಸಿದ ಕರುಣೆಯನ್ನೇ ರಾಯನು ಅಪರಾಧವೆಂದು ಎಣಿಸಿದ. ಮಗನನ್ನು ಕಳೆದುಕೊಂಡವನ ದುಃಖವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಮನುಷ್ಯನು ಏನನ್ನಾದರೂ ನಂಬಬಲ್ಲ. ಕೋಪ ಬಂದವನು ಹಳೆಯ ಉಪಕಾರಗಳನ್ನು ಮರೆಯುತ್ತಾನೆಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಮರೆಯುವುದಿಲ್ಲ, ಅವುಗಳನ್ನು ತಿರುವಿಹಾಕಿ ಓದುತ್ತಾನೆ.

ತಿಮ್ಮರಸು ಮೂರು ವರ್ಷ ಸೆರೆಯಲ್ಲಿದ್ದ. ಅವನ ಮಗನೊಬ್ಬ ತಪ್ಪಿಸಿಕೊಂಡು ಬೆಟ್ಟ ಸೇರಿ ದಂಗೆಯೆದ್ದು ಮತ್ತೆ ಸಿಕ್ಕಿಬಿದ್ದ. ಆಗ ರಾಯನು ತಂದೆ, ಮಗ ಮತ್ತು ಆ ಮಗನ ಸೋದರ ಈ ಮೂವರ ಕಣ್ಣುಗಳನ್ನೂ ಕೀಳಿಸಿದ. ಬ್ರಾಹ್ಮಣರಿಗೆ ಮರಣದಂಡನೆ ಇಲ್ಲದ್ದರಿಂದ ಹೀಗೆ ಮಾಡಿದರೆಂದು ನೂನಿಜನ ವಿವರಣೆ. ಮಗ ಸೆರೆಯಲ್ಲಿಯೇ ಸತ್ತ. ಪೆನುಕೊಂಡದಲ್ಲಿ ತಿಮ್ಮರಸುವಿನ ಬಂದೀಖಾನೆಯೆಂದು ಜನ ಒಂದು ಕಟ್ಟಡವನ್ನು ಈಗಲೂ ತೋರಿಸುತ್ತಾರೆ.

ಈ ಬಾರಿ ನಡುವೆ ನಿಲ್ಲುವ ಬೈಚಪ್ಪನಿರಲಿಲ್ಲ. ಮೇಕೆಯ ಕಣ್ಣು ತೋರಿಸಬಲ್ಲ ಮನುಷ್ಯನೇ ಆರೋಪಿಯಾಗಿ ನಿಂತಿದ್ದ.

ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಡಬೇಕು. ಪಟ್ಟಕ್ಕೆ ಬಂದಾಗ ಕೃಷ್ಣದೇವರಾಯ ತನ್ನ ಅಣ್ಣನ ಮಗನನ್ನೂ ತನ್ನ ಸೋದರರನ್ನೂ ಚಂದ್ರಗಿರಿಯ ಕೋಟೆಯಲ್ಲಿರಿಸಿದ. ಅದನ್ನು ದಯೆಯೆಂದು ನಾನು ಹೇಳಲಾರೆ; ಸೆರೆ ಸೆರೆಯೇ. ಆದರೆ ಅವರ ಕಣ್ಣು ಕೀಳಿಸಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ, 1529ರಲ್ಲಿ, ತನ್ನ ಸಾವು ಹತ್ತಿರವಾದಾಗ ಉಳಿದಿದ್ದ ಮಗ ಇನ್ನೂ ಹಸುಗೂಸು. ಆಗ ಅದೇ ಚಂದ್ರಗಿರಿಯಲ್ಲಿದ್ದ ತಮ್ಮ ಅಚ್ಯುತರಾಯನನ್ನು ತನ್ನ ಉತ್ತರಾಧಿಕಾರಿಯೆಂದು ಹೆಸರಿಸಿದ. ಸೆರೆಯ ಬಾಗಿಲನ್ನು ತೆರೆಯಬಹುದು. ಕಿತ್ತ ಕಣ್ಣನ್ನು ಯಾವ ಚಕ್ರವರ್ತಿಯೂ ಹಿಂದಿರುಗಿಸಲಾರ. ತಿಮ್ಮರಸು ನಿರಪರಾಧಿಯೆಂದು ಮರುದಿನವೇ ತಿಳಿದಿದ್ದರೂ ರಾಯನ ಬಳಿ ಕೊಡಲು ಏನಿತ್ತು?

ನನಗೆ ತಿಳಿದಮಟ್ಟಿಗೆ ಕ್ಷಮೆಯ ಅರ್ಥ ಇಲ್ಲಿಯೇ ಇದೆ. ಅದು ಒಂದು ದಿನ ಇದ್ದಕ್ಕಿದ್ದಂತೆ ಉಕ್ಕಿ ಬರುವ ಒಳ್ಳೆಯತನವಷ್ಟೇ ಅಲ್ಲ. ಕೋಪದ ದಿನವೇ ಅದಕ್ಕೆ ಎಡೆಯಿಟ್ಟಿರಬೇಕು. ಮುಂದೆ ತಿದ್ದಿಕೊಳ್ಳಲು ಆಗದಂಥದನ್ನು ಇಂದು ಮಾಡದಿರುವುದೇ ಕ್ಷಮೆಯ ಮೊದಲ ಹೆಜ್ಜೆ. ಭೂಮಿಯ ತಾಳ್ಮೆ ಎಂಬುದರ ಅರ್ಥವೂ ಇದೇ ಇರಬೇಕು.

ಈಗ ನನ್ನ ಒರಟು ಉತ್ತರದ ಕಾರಣಕ್ಕೆ ಬರುತ್ತೇನೆ. ಆ ಹುಡುಗಿ ಪ್ರಶ್ನೆ ಕೇಳಿದ್ದರ ಹಿಂದಿನ ವರ್ಷ ಹತ್ತನೆಯ ತರಗತಿಯ ಪ್ರವಾಸಕ್ಕೆಂದು ನಾನು ಸಂಗ್ರಹಿಸಿದ್ದ ಹಣದಲ್ಲಿ 240 ರೂಪಾಯಿ ಕಾಣೆಯಾಯಿತು. ಅಂದು ಬೆಳಿಗ್ಗೆ ಸೀಮೆಸುಣ್ಣ ತರಲು ಶಿಕ್ಷಕರ ಕೋಣೆಗೆ ಹೋದವನು ಒಬ್ಬನೇ ಹುಡುಗ. ಅವನ ತಂದೆ ಸಂಡೂರಿನ ಕಡೆ ಗಣಿಯಲ್ಲಿ ಕೂಲಿ. ನಾನು ವಿಚಾರಣೆ ಮಾಡಲಿಲ್ಲ. ಎಲ್ಲರ ಎದುರಿಗೆ ಅವನ ಚೀಲವನ್ನು ಮೇಜಿನ ಮೇಲೆ ಸುರಿದೆ, ಎರಡೇಟು ಹೊಡೆದೆ, ತಂದೆಯನ್ನು ಕರೆತಾ ಎಂದೆ. ನಾಲ್ಕು ದಿನದ ಮೇಲೆ ತಂದೆ ಬಂದರು. ಮಾತಿಲ್ಲದೆ ವರ್ಗಾವಣೆ ಪತ್ರ ಪಡೆದು ಹೋದರು. ಮೂರು ವಾರಗಳ ನಂತರ ಹಾಜರಿ ಪುಸ್ತಕಕ್ಕೆ ಹೊಸ ಹೊದಿಕೆ ಹಾಕಲು ಹಳೆಯ ಕಂದು ಕಾಗದವನ್ನು ತೆಗೆದಾಗ ಅದರ ಮಡಿಕೆಯೊಳಗೆ ಆ ನೋಟುಗಳಿದ್ದವು. ಇಟ್ಟವನು ನಾನೇ.

ಹಣ ಸಿಕ್ಕಿತೆಂದು ತರಗತಿಗೆ ಹೇಳಿದೆ. ಎಲ್ಲಿ ಸಿಕ್ಕಿತೆಂದು ಹೇಳಲಿಲ್ಲ. ಹುಡುಗನೇ ಹಿಂದಿರುಗಿಸಿರಬೇಕೆಂದು ನೀವು ಭಾವಿಸಿದಿರಿ. ಹಾಗೆ ಭಾವಿಸಲು ನಾನು ಬಿಟ್ಟೆ. ಒಮ್ಮೆ ಅವರ ಊರಿಗೆ ಹೋದೆ. ಮನೆಗೆ ಬೀಗವಿತ್ತು, ಕೆಲಸ ಹುಡುಕಿಕೊಂಡು ಹೋದರೆಂದು ನೆರೆಯವರು ಹೇಳಿದರು. ಎರಡನೆಯ ಸಲ ನಾನು ಹೋಗಲಿಲ್ಲ. ಮರುವರ್ಷ ಆ ಹುಡುಗಿ ಎದ್ದು ನಿಂತು ಕ್ಷಮೆಯ ಮಾತೆತ್ತಿದಾಗ ನನಗೆ ಸಿಟ್ಟು ಬಂದದ್ದು ಉತ್ತರ ಗೊತ್ತಿಲ್ಲವೆಂದಲ್ಲ.

ಆ ವರ್ಷದ ಹತ್ತನೆಯ ತರಗತಿಯವರಲ್ಲಿ ಹಲವರು ಇದನ್ನು ಓದುತ್ತೀರೆಂದು ಬಲ್ಲೆ. ಹುಡುಗನ ಹೆಸರನ್ನು ಬರೆಯುವುದಿಲ್ಲ; ನಿಮಗೆ ಗೊತ್ತು. ಅವನು ಕದ್ದಿರಲಿಲ್ಲ. ಅವನು ಹಣವನ್ನು ಹಿಂದಿರುಗಿಸಲೂ ಇಲ್ಲ, ಏಕೆಂದರೆ ಅವನ ಬಳಿ ಅದು ಇರಲೇ ಇಲ್ಲ. ತಪ್ಪು ನನ್ನದು. ನಿಮ್ಮೆಲ್ಲರ ಎದುರಿಗೆ ಅವನ ಮಾನ ಕಳೆದೆ. ಆದ್ದರಿಂದ ನಿಮ್ಮೆಲ್ಲರ ಎದುರಿಗೇ ಇದನ್ನು ಹೇಳುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಅವನು ಇಂದು ಸಿಕ್ಕರೆ, ಅವನನ್ನು ಕಳ್ಳನೆಂದು ನೆನೆಯಬೇಡಿರಿ. ಶಿಕ್ಷಕರಾಗಿರುವ ನನ್ನ ಶಿಷ್ಯರಿಗೆ ಒಂದು ಮಾತು: ಮಗುವಿನ ಚೀಲ ಸುರಿಯುವ ಮುನ್ನ ಒಂದು ದಿನ ಕಾಯಿರಿ. ನಿಮ್ಮ ಶಾಲೆಯಲ್ಲಿ ಬೈಚಪ್ಪ ಇಲ್ಲದಿದ್ದರೆ ಆ ಕೆಲಸವನ್ನು ನೀವೇ ಮಾಡಿರಿ.

ಹಂಪಿಯ ಉಗ್ರನರಸಿಂಹನ ಬಗ್ಗೆ ಪ್ರವಾಸದಲ್ಲಿ ನಾನು ಹೇಳುತ್ತಿದ್ದುದನ್ನು ನೆನಪಿಸಿಕೊಳ್ಳಿರಿ. 1528ರಲ್ಲಿ ಕೃಷ್ಣದೇವರಾಯ ಪ್ರತಿಷ್ಠಾಪಿಸಿದ್ದು ಲಕ್ಷ್ಮೀನರಸಿಂಹನನ್ನು. ತೊಡೆಯ ಮೇಲಿನ ಲಕ್ಷ್ಮಿಯನ್ನು ಒಡೆದ ಮೇಲೆ ಉಳಿದವನನ್ನು ಜನ 'ಉಗ್ರ' ಎಂದರು. ಆದರೆ ಹಿಂದಕ್ಕೆ ಹೋಗಿ ನೋಡಿದರೆ, ಅವನ ಬೆನ್ನನ್ನು ಬಳಸಿದ ಅವಳ ಕೈ ಇನ್ನೂ ಇದೆ. ಮುಂದಿನಿಂದ ನೋಡಿ ಹೊರಟುಬಿಡುವವರಿಗೆ ಅದು ಕಾಣುವುದಿಲ್ಲ.

ಇನ್ನು ಉತ್ತರ. ಮಗೂ, ತಿಮ್ಮರಸು ರಾಯನನ್ನು ಕ್ಷಮಿಸಿದನೇ ಎಂದು ನೀನು ಕೇಳಿದೆ. ರಾಯನ ಮಾತನ್ನು ನೂನಿಜ್ ಬರೆದ. ಕಣ್ಣಿಲ್ಲದ ಆ ವೃದ್ಧನ ಮಾತನ್ನು ಬರೆಯಲಿಲ್ಲ. ಕ್ಷಮಿಸಿದನೆಂದು ನಾವು ಹೇಳಿಬಿಟ್ಟರೆ ಕಥೆ ಚೆಂದವಾಗುತ್ತದೆ, ರಾಯನ ಕೀರ್ತಿಯೂ ಉಳಿಯುತ್ತದೆ. ಆದರೆ ಅದನ್ನು ಹೇಳುವ ಅಧಿಕಾರವಿದ್ದವನು ಅವನೊಬ್ಬನೇ. ನೊಂದವನ ಪರವಾಗಿ ಬೇರೆ ಯಾರೂ ಹೊಟ್ಟೆಗೆ ಹಾಕಿಕೊಳ್ಳಲು ಬರುವುದಿಲ್ಲ; ನೋಯಿಸಿದವನಂತೂ ಅಲ್ಲವೇ ಅಲ್ಲ. ನೋಯಿಸಿದವನಿಗೆ ಉಳಿಯುವ ಕೆಲಸ ಒಂದೇ: ನಿಜ ಹೇಳಿ, ಕಳೆದ ಮಾನವನ್ನು ತನ್ನಿಂದಾದಷ್ಟು ಹಿಂದಿರುಗಿಸುವುದು. ನಾನು ಅಂದು ನಿನ್ನನ್ನು ಕೂರಿಸಿದ್ದೂ ತಪ್ಪು. ಅದು ಪರೀಕ್ಷೆಗೆ ಬರುವ ಪ್ರಶ್ನೆಯೇ ಆಗಿತ್ತು.